ಮೀಟರ್ ಆಮೇಲೆ, ಮನೆಯವರು ಮೊದಲು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಹವ್ಯಾಸಕ್ಕೆ ದೆವ್ವದ ಮನೆಗಳ ತನಿಖೆ ಮಾಡುವವರು. ಪಾಳುಬಿದ್ದ ಕಟ್ಟಡಗಳಲ್ಲಿ ರಾತ್ರಿ ಕಳೆದು ಬಂದವರೂ ಇದ್ದೀರಿ. ಇವತ್ತು ನಾನು ಜನ ವಾಸ ಮಾಡುತ್ತಿರುವ ಮನೆಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಪಾಳು ಕಟ್ಟಡದಲ್ಲಿ ನೀವು ಏನೇ ತೀರ್ಮಾನ ಮಾಡಿದರೂ ಅದನ್ನು ಕೇಳಿ ನಿದ್ದೆಗೆಡುವವರು ಯಾರೂ ಇಲ್ಲ. ವಾಸದ ಮನೆಯಲ್ಲಿ ನೀವು ಬೆಳಗ್ಗೆ ಸಾಮಾನು ಕಟ್ಟಿಕೊಂಡು ಹೊರಟುಬಿಡುತ್ತೀರಿ. ಆ ಮನೆಯ ಮಕ್ಕಳು ಮಾತ್ರ ರಾತ್ರಿ ಅದೇ ಕೋಣೆಯಲ್ಲಿ ಮಲಗಬೇಕು.

ಅದಕ್ಕೇ ಮೊದಲ ಸಲ ಹಗಲು ಹೊತ್ತಲ್ಲಿ ಹೋಗಿ. ತನಿಖೆಗೆ ಒಯ್ಯುವ ಅಳತೆಯ ಮೀಟರು, ಕ್ಯಾಮೆರಾ ಎಲ್ಲ ಬ್ಯಾಗಿನಲ್ಲೇ ಇರಲಿ. ಮನೆಯವರನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆ ಕೂರಿಸಿಕೊಂಡು ಮಾತಾಡಿಸಿ. ಎಲ್ಲರೂ ಒಟ್ಟಿಗೆ ಕೂತರೆ ಒಬ್ಬರು ಹೇಳಿದ್ದು ಇನ್ನೊಬ್ಬರ ನೆನಪಿಗೆ ಸೇರಿಹೋಗುತ್ತದೆ. 'ಹೆಂಗಸಿನ ಆಕಾರ ಕಾಣಿಸಿತಾ?' ಅಂತ ನೀವಾಗಿ ಕೇಳಬೇಡಿ. 'ಏನಾಯ್ತು, ಹೇಳಿ' ಅಂದರೆ ಸಾಕು. ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಆಗ ಮಲಗಿದ್ದರಾ, ಎದ್ದಿದ್ದರಾ, ಇದೆಲ್ಲ ಬರೆದುಕೊಳ್ಳಿ. ಕೊನೆಗೆ ಒಂದು ಮಾತು ಕೇಳಿ: ಮನೆಯಿಂದ ಹೊರಗೆ ಹೋದಾಗ ಆರೋಗ್ಯ ಹೇಗಿರುತ್ತೆ?

ಈ ಪ್ರಶ್ನೆ ಯಾಕೆ ಅಂತ ಹೇಳುತ್ತೇನೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಕುಟುಂಬದ ಕಥೆ ಬರೆದರು. ಹಳೆಯ ದೊಡ್ಡ ಮನೆಗೆ ಬಂದ ಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳಿಸತೊಡಗಿತು. ಯಾರೋ ಹಿಂದೆಯೇ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಆಕಾರಗಳು ಕಾಣುತ್ತಿದ್ದವು. ಜೊತೆಗೇ ತಲೆನೋವು, ಸುಸ್ತು. ಮಕ್ಕಳು ಬಿಳಿಚಿಕೊಂಡಿದ್ದರು. ಮನೆಯೊಳಗಿನ ಗಿಡಗಳೂ ಸತ್ತವು. ಕಡೆಗೆ ಪರೀಕ್ಷೆ ಮಾಡಿಸಿದಾಗ ಮನೆ ಬಿಸಿ ಮಾಡುವ ಕುಲುಮೆ ಕೆಟ್ಟಿರುವುದು ಗೊತ್ತಾಯಿತು. ಚಿಮಣಿಯಿಂದ ಹೊರಗೆ ಹೋಗಬೇಕಾದ ಹೊಗೆ ಮನೆಯೊಳಗೇ ಸೇರುತ್ತಿತ್ತು. ಅದು ಕಾರ್ಬನ್ ಮಾನಾಕ್ಸೈಡ್ ವಿಷ. ಕುಲುಮೆ ಸರಿಯಾಯಿತು, ಕಾಟವೂ ನಿಂತಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಜಾಸ್ತಿಯಾದರೆ ಮಲಗಿದವರು ಮತ್ತೆ ಏಳುವುದಿಲ್ಲ. ಆ ಮನೆಗೆ ಅವತ್ತು ನಮ್ಮಂಥವರು ಹೋಗಿ, ಹೆಜ್ಜೆ ಸದ್ದು ರೆಕಾರ್ಡ್ ಮಾಡಿಕೊಂಡು, 'ಹೌದು, ಇಲ್ಲಿ ಯಾರೋ ಇದ್ದಾರೆ' ಅಂತ ಹೇಳಿ ಬಂದಿದ್ದರೆ? ಯೋಚಿಸಿ ನೋಡಿ. ನೀವು ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಳ್ಳಿ. ತಲೆನೋವು ಮನೆಯಲ್ಲಿದ್ದಾಗ ಬಂದು ಹೊರಗೆ ಹೋದಾಗ ಇಳಿಯುತ್ತದೆ ಅಂದರೆ ಅವತ್ತಿಗೆ ತನಿಖೆ ಬಿಡಿ. ಎಲ್ಲರನ್ನೂ ಹೊರಗೆ ಕರೆತನ್ನಿ. ಗ್ಯಾಸ್ ಮತ್ತು ಒಲೆ ನೋಡುವವರನ್ನು ಕರೆಸಿ, ಮನೆಯವರನ್ನು ವೈದ್ಯರ ಹತ್ತಿರ ಕಳಿಸಿ.

ಎದೆಯ ಮೇಲೆ ಯಾರೋ ಕೂತಂತಾಯಿತು, ಕೈಕಾಲು ಆಡಲಿಲ್ಲ, ಕೂಗೋಣ ಅಂದರೆ ದನಿ ಬರಲಿಲ್ಲ ಅಂತ ಯಾರಾದರೂ ಹೇಳಿದರೆ ನಿದ್ರಾ ಪಾರ್ಶ್ವವಾಯುವಿನ ಬಗ್ಗೆ ತಿಳಿಸಿ. ಎಚ್ಚರವಾದರೂ ಮೈ ಇನ್ನೂ ನಿದ್ದೆಯ ಹಿಡಿತದಲ್ಲೇ ಇರುವ ಸ್ಥಿತಿ ಅದು. ತುಂಬ ಜನಕ್ಕೆ ಆಗುತ್ತದೆ. ಅದಕ್ಕೊಂದು ಹೆಸರಿದೆ ಅಂತ ಗೊತ್ತಾದರೇ ಅರ್ಧ ಭಯ ಹೋಗುತ್ತದೆ.

ಇನ್ನು ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ. ಅವರ ಪ್ರಯೋಗಾಲಯದಲ್ಲಿ ದೆವ್ವ ಇದೆ ಅಂತ ಮಾತಿತ್ತು. ಒಂದು ರಾತ್ರಿ ಅವರಿಗೂ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತು. ತಿರುಗಿದರೆ ಇಲ್ಲ. ಮರುದಿನ ತಮ್ಮ ಕತ್ತಿವರಸೆಯ ಕತ್ತಿಯನ್ನು ಅಲ್ಲೇ, ವಸ್ತುಗಳನ್ನು ಕದಲದಂತೆ ಹಿಡಿದಿಡುವ ವೈಸ್‌ಗೆ ಬಿಗಿದಿಟ್ಟಿದ್ದರು. ಯಾರೂ ಮುಟ್ಟದೆ ಅದರ ಅಲಗು ಜೋರಾಗಿ ನಡುಗತೊಡಗಿತು. ಅವರು ಅಷ್ಟಕ್ಕೇ ಹೆದರಿ ಓಡಲಿಲ್ಲ. ಆ ವೈಸನ್ನು ಕೋಣೆಯ ಉದ್ದಕ್ಕೂ ಸರಿಸುತ್ತಾ ಹೋದರು. ನಡುಕ ಕೋಣೆಯ ಮಧ್ಯದಲ್ಲಿ ಜಾಸ್ತಿ, ಗೋಡೆಯ ಹತ್ತಿರ ಇಲ್ಲವೇ ಇಲ್ಲ. ಹುಡುಕಿದರೆ ಹೊಸದಾಗಿ ಹಾಕಿದ ಫ್ಯಾನೊಂದು ಸುಮಾರು 19 ಹರ್ಟ್ಜ್, ಅಂದರೆ ಸೆಕೆಂಡಿಗೆ 19 ಸಲದ ಕಂಪನ ಹುಟ್ಟಿಸುತ್ತಿತ್ತು. ನಮ್ಮ ಕಿವಿಗೆ ಕೇಳದಷ್ಟು ಕೆಳಗಿನ ಸದ್ದು ಅದು. 1998ರಲ್ಲಿ ಇದನ್ನು ಪ್ರಕಟಿಸಿದರು. ಇಂಥ ಸದ್ದಿನಿಂದಲೇ ಆಕಾರಗಳು ಕಾಣುತ್ತವೆ ಅನ್ನುವುದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ, ಅದನ್ನೇ ಹಿಡಿದುಕೊಂಡು ಪ್ರತಿ ಮನೆಗೂ ಅಂಟಿಸಬೇಡಿ. ನನಗೆ ಇಷ್ಟವಾಗಿದ್ದು ಆ ಮನುಷ್ಯ ವೈಸ್ ಸರಿಸುತ್ತಾ ಹೋದ ರೀತಿ.

ಮೀಟರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಎಂಎಫ್ ಮೀಟರ್ ತೋರಿಸುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಗೋಡೆಯೊಳಗಿನ ವೈರು, ಫ್ರಿಜ್ಜು, ನಿಮ್ಮದೇ ಜೇಬಿನ ಮೊಬೈಲು, ಎಲ್ಲಕ್ಕೂ ಅದರ ದೀಪ ಹೊತ್ತಿಕೊಳ್ಳುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಎದುರಿನ ಗೋಡೆಯ ಬಿಸಿ ಹೇಳುತ್ತದೆ, ನಡುವಿನ ಗಾಳಿಯದ್ದಲ್ಲ. ಫೋಟೋದಲ್ಲಿ ತೇಲುವ ಬಿಳಿ ಉಂಡೆಗಳು ಹೆಚ್ಚಾಗಿ ಲೆನ್ಸಿನ ಹತ್ತಿರದ ಧೂಳು. ಫ್ಲ್ಯಾಶ್ ಬೆಳಕು ಅದರ ಮೇಲೆ ಬಿದ್ದು ವಾಪಸ್ ಬರುತ್ತದೆ.

ರೆಕಾರ್ಡಿಂಗ್ ವಿಷಯ ಸ್ವಲ್ಪ ಸೂಕ್ಷ್ಮ. ಗರಗರ ಸದ್ದಿನ ಒಂದು ತುಣುಕು ಹಾಕಿ, 'ಹೊರಗೆ ಹೋಗು ಅಂತ ಕೇಳಿಸ್ತಿದೆ ಅಲ್ವಾ?' ಅಂದರೆ ಎಲ್ಲರಿಗೂ ಅದೇ ಕೇಳಿಸುತ್ತದೆ. ಒಮ್ಮೆ ಕೇಳಿಸಿದ ಮೇಲೆ ಅದನ್ನು ಕಿವಿಯಿಂದ ತೆಗೆಯುವುದು ಕಷ್ಟ. ತಂಡದ ಪ್ರತಿಯೊಬ್ಬರೂ ಬೇರೆ ಬೇರೆ ಕೇಳಿ, ಕೇಳಿಸಿದ್ದನ್ನು ಚೀಟಿಯಲ್ಲಿ ಬರೆಯಲಿ. ಆಮೇಲೆ ಹೋಲಿಸಿ. ಚೀಟಿಗಳು ಹೊಂದದಿದ್ದರೆ ಆ ತುಣುಕನ್ನು ಮನೆಯವರಿಗೆ 'ಪುರಾವೆ' ಅಂತ ಕೇಳಿಸಬೇಡಿ. 1997ರಲ್ಲಿ ಲ್ಯಾಂಗೆ ಮತ್ತು ಹೂರನ್ ಎಂಬ ಸಂಶೋಧಕರು ಒಂದು ಖಾಲಿ ನಾಟಕಮಂದಿರದಲ್ಲಿ ಜನರನ್ನು ಸುತ್ತಾಡಿಸಿದರು. ಕೆಲವರಿಗೆ ಇಲ್ಲಿ ದೆವ್ವವಿದೆ ಅಂದರು, ಉಳಿದವರಿಗೆ ದುರಸ್ತಿ ನಡೆಯುತ್ತಿದೆ ಅಂದರು. ದೆವ್ವದ ಮಾತು ಕೇಳಿದವರಿಗೇ ವಿಚಿತ್ರ ಅನುಭವ ಜಾಸ್ತಿಯಾಯಿತು. ಹಾಗಾದರೆ ಮೀಟರು ಹಿಡಿದು ಬಂದ 'ತಜ್ಞರು' ಹೇಳಿದ ಮಾತು ಒಂದು ಹೆದರಿದ ಕುಟುಂಬಕ್ಕೆ ಎಷ್ಟು ನಾಟಬಹುದು?

ತನಿಖೆ ಮುಗಿದ ಮೇಲೆ ಬರವಣಿಗೆಯಲ್ಲಿ ವರದಿ ಕೊಡಿ. ಏನು ನೋಡಿದಿರಿ, ಯಾವುದಕ್ಕೆ ಕಾರಣ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ, ಅಷ್ಟೇ. ಕಾರಣ ಸಿಗದ್ದಕ್ಕೆ 'ಗೊತ್ತಾಗಲಿಲ್ಲ' ಅಂತಲೇ ಬರೆಯಿರಿ, ಅದರ ಮುಂದೆ ದೆವ್ವದ ಹೆಸರು ಸೇರಿಸಬೇಡಿ. ಹಣ ತೆಗೆದುಕೊಳ್ಳಬೇಡಿ. ವಿಡಿಯೋ ಹಾಕುವುದಾದರೆ ಮೊದಲೇ ಲಿಖಿತ ಒಪ್ಪಿಗೆ ಇರಲಿ. ವಿಳಾಸ, ಮಕ್ಕಳ ಮುಖ ಎಲ್ಲೂ ಬರಬಾರದು. ನಾಳೆ ಅವರು ಮನಸ್ಸು ಬದಲಾಯಿಸಿ ತೆಗೆಯಿರಿ ಅಂದರೆ ಅವತ್ತೇ ತೆಗೆಯಿರಿ. ಒಂದು ತಿಂಗಳಾದ ಮೇಲೆ ಫೋನ್ ಮಾಡಿ, ಮಕ್ಕಳು ಸರಿಯಾಗಿ ಮಲಗುತ್ತಿದ್ದಾರಾ ಅಂತ ವಿಚಾರಿಸಿ.