ಎಲೆಯೊಳಗೆ ತಯಾರಾಗುವ ಲಸಿಕೆ

ಕೇಳುಗರಿಗೆ ನಮಸ್ಕಾರ.

ಗಿಡದಿಂದ ಲಸಿಕೆ ಎಂದ ಕೂಡಲೇ ಹಿತ್ತಲಿನ ಅಮೃತಬಳ್ಳಿ ಕಷಾಯ ನೆನಪಾಗಿದ್ದರೆ ಅದನ್ನು ಪಕ್ಕಕ್ಕಿಡಿ. ಈ ಲಸಿಕೆಯಲ್ಲಿ ಗಿಡದ ಸ್ವಂತ ಗುಣ ಏನೂ ಇರುವುದಿಲ್ಲ. ವೈರಸ್‌ನ ಹೊರಕವಚದ ಪ್ರೋಟೀನನ್ನು ತನ್ನ ಎಲೆಯಲ್ಲಿ ತಯಾರಿಸಿ ಕೊಡುವುದಷ್ಟೇ ಅದರ ಕೆಲಸ.

ಇದಕ್ಕೆ ಬಳಸುವುದು ಹೊಗೆಸೊಪ್ಪಿನ ದಾಯಾದಿ, ಆಸ್ಟ್ರೇಲಿಯಾ ಮೂಲದ ನಿಕೋಟಿಯಾನಾ ಬೆಂಥಾಮಿಯಾನಾ. ವೈರಸ್‌ಗಳನ್ನು ತಡೆಯುವ ಅದರ ಒಂದು ವಂಶವಾಹಿ ಕೆಟ್ಟಿದೆ. ಹಾಗಾಗಿ ವೈರಸ್ ಪ್ರೋಟೀನ್ ಕಟ್ಟಿಸಲು ಹೊರಗಿನಿಂದ ಸೇರಿಸುವ ವಂಶವಾಹಿಗೆ ಹೆಚ್ಚು ತಕರಾರು ಮಾಡುವುದಿಲ್ಲ.

ಆ ವಂಶವಾಹಿಯನ್ನು ಎಲೆಯೊಳಗೆ ಹೊತ್ತೊಯ್ಯುವುದು ಅಗ್ರೋಬ್ಯಾಕ್ಟೀರಿಯಂ. ಗುಲಾಬಿ, ದ್ರಾಕ್ಷಿ ಗಿಡದ ಬುಡದಲ್ಲಿ ಗಂಟು ಬರಿಸುವ ಅದೇ ಬ್ಯಾಕ್ಟೀರಿಯಾ. ಗಂಟಿನ ವಂಶವಾಹಿ ತೆಗೆದು ಲಸಿಕೆಯದನ್ನು ಸೇರಿಸಿರುತ್ತಾರೆ. ಐದಾರು ವಾರದ ಗಿಡವನ್ನು ತಲೆಕೆಳಗಾಗಿ ಹಿಡಿದು, ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿ ಎಲೆ ಮುಳುಗಿಸಿ, ಮುಚ್ಚಿದ ತೊಟ್ಟಿಯ ಗಾಳಿಯನ್ನು ಒಂದೆರಡು ನಿಮಿಷ ಎಳೆಯುತ್ತಾರೆ. ಎಲೆಯೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಗಾಳಿ ಮರಳಿ ಬಿಟ್ಟಾಗ ಆ ಜಾಗಕ್ಕೆ ನೀರು ನುಗ್ಗುತ್ತದೆ. ಎಲೆ ನೆನೆದು ಕಡುಹಸಿರಾದರೆ ಸರಿ. ಒಣ ಮಚ್ಚೆ ಉಳಿದ ಕಡೆ ಪ್ರೋಟೀನ್ ಸಿಗದು. ಸುಮಾರು ಒಂದು ವಾರದೊಳಗೆ ಕಟಾವು. ತಡಮಾಡಿದರೆ ಎಲೆ ಹಳದಿಯಾಗಿ, ಕಟ್ಟಿದ ಪ್ರೋಟೀನೂ ಒಡೆಯುತ್ತದೆ.

ಬಿಸಿಲು ಇದಕ್ಕೆ ಆಗದು. 20ರಿಂದ 25 ಡಿಗ್ರಿ ಹಿತ. 30 ದಾಟಿದರೆ ವಂಶವಾಹಿಯನ್ನು ಎಲೆಗೆ ದಾಟಿಸುವ ಸಲಕರಣೆಯನ್ನೇ ಬ್ಯಾಕ್ಟೀರಿಯಾ ಕಟ್ಟುವುದಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ನೆರಳುಬಲೆ ಕಟ್ಟಿ ಮಾಡುವ ಕೆಲಸವಲ್ಲ ಇದು.

ಎಲೆ ಅರೆದ ಮೇಲೆ ಇನ್ನೊಂದು ಪೇಚು. ಹೆಚ್ಚಿಟ್ಟ ಬದನೆಕಾಯಿಯಂತೆ ರಸ ಕಪ್ಪಾಗಿ ಪ್ರೋಟೀನ್ ಕೆಡುತ್ತದೆ. ಅದಕ್ಕೆ ಅರೆಯುವಾಗಲೇ ವಿಟಮಿನ್ ಸಿ ಅಥವಾ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಲವಣ ಹಾಕುತ್ತಾರೆ. ರಸದ ಪ್ರೋಟೀನಿನಲ್ಲಿ ಅರ್ಧದಷ್ಟು ರುಬಿಸ್ಕೊ ಎಂಬ ಎಲೆಯದೇ ಪ್ರೋಟೀನ್. ರಸವನ್ನು ಹುಳಿ ಮಾಡಿದರೆ ಅದರ ಬಹುಪಾಲು ಹೆಪ್ಪುಗಟ್ಟಿ ತಳ ಸೇರುತ್ತದೆ, ಉಳಿದದ್ದನ್ನು ಸೋಸಬೇಕು. ನನ್ನ ಲೆಕ್ಕದಲ್ಲಿ ಬೆಳೆಯುವುದಕ್ಕಿಂತ ಈ ಶುದ್ಧಿಯೇ ಕಷ್ಟದ್ದು.

ಈ ದಾರಿಯಲ್ಲಿ ಬಂದ ಕೋವಿಡ್ ಲಸಿಕೆ ಕೋವಿಫೆನ್ಜ್‌ಗೆ ಕೆನಡಾ 2022ರ ಫೆಬ್ರವರಿ 24ರಂದು ಒಪ್ಪಿಗೆ ಕೊಟ್ಟಿತು. 18ರಿಂದ 64 ವಯಸ್ಸಿನವರಿಗೆ, 21 ದಿನದ ಅಂತರದಲ್ಲಿ ಎರಡು ಡೋಸ್, ಒಂದೊಂದರಲ್ಲಿ 3.75 ಮೈಕ್ರೋಗ್ರಾಂ ಪ್ರೋಟೀನ್. ಸಾಮಾನ್ಯ ಫ್ರಿಜ್ ಸಾಕಿತ್ತು. ತಯಾರಕ ಮೆಡಿಕಾಗೊದಲ್ಲಿ ಸಿಗರೇಟು ಕಂಪನಿಯ ಪಾಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅರ್ಜಿ ಒಪ್ಪಲಿಲ್ಲ. 2023ರಲ್ಲಿ ಮಾಲೀಕ ಕಂಪನಿ ಮೆಡಿಕಾಗೊವನ್ನೇ ಮುಚ್ಚಲು ನಿರ್ಧರಿಸಿತು.

ಬಾಳೆಹಣ್ಣಿನಲ್ಲೇ ಲಸಿಕೆ ತಿನ್ನಬಾರದೇ ಎಂದು ಕೇಳುವವರಿದ್ದಾರೆ. ಹೆಪಟೈಟಿಸ್-ಬಿ ಪ್ರೋಟೀನ್ ಇರುವ ಹಸಿ ಆಲೂಗಡ್ಡೆಯನ್ನು ಅಮೆರಿಕದಲ್ಲಿ ಸ್ವಯಂಸೇವಕರಿಗೆ ತಿನ್ನಿಸಿ ನೋಡಿದ್ದರು. ಬೇಯಿಸಿದರೆ ಪ್ರೋಟೀನ್ ಕೆಡುತ್ತದೆ, ಗಡ್ಡೆಯಿಂದ ಗಡ್ಡೆಗೆ ಪ್ರಮಾಣ ಬದಲಾಗುತ್ತದೆ. ಡೋಸ್ ಅಳೆಯುವುದು ಹೇಗೆ?

ಇಂಥ ಪ್ರೋಟೀನನ್ನು ಮೆಕ್ಕೆಜೋಳದಲ್ಲಿ ಬೆಳೆಯುವ ವಿಷಯವನ್ನು ನಮ್ಮ ದಾವಣಗೆರೆ ಸೀಮೆಯವರು ಗಮನವಿಟ್ಟು ಕೇಳಬೇಕು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಪಕ್ಕದ ಹೊಲಕ್ಕೆ ಹೋಗುತ್ತದೆ, ಉದುರಿದ ಕಾಳು ಮುಂದಿನ ಹಂಗಾಮಿನಲ್ಲಿ ತಾನಾಗಿ ಮೊಳೆಯುತ್ತದೆ. 2001ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಔಷಧಿಗಾಗಿ ಬೆಳೆದಿದ್ದ ಮೆಕ್ಕೆಜೋಳ ಹೀಗೆ ಮರುವರ್ಷದ ಸೋಯಾ ಅವರೆಯಲ್ಲಿ ಬೆರೆತು, ಸುಮಾರು 13 ಸಾವಿರ ಟನ್ ಸೋಯಾ ನಾಶಮಾಡಬೇಕಾಯಿತು. ಬೆಂಥಾಮಿಯಾನಾವನ್ನು ನಾವು ತಿನ್ನುವುದಿಲ್ಲ, ಅದು ಬೆಳೆಯುವುದು ಗಾಜಿನ ಮನೆಯೊಳಗೆ, ಸೇರಿಸಿದ ವಂಶವಾಹಿ ಎಲೆಯಲ್ಲೇ ಉಳಿದು ಬೀಜಕ್ಕೆ ಹೋಗುವುದಿಲ್ಲ.

ನಮಸ್ಕಾರ.