ಜೋರಾಗಿ ಬಂದ ಅಂದ್ರೆ ಸಾಕಾಗಲ್ಲ

ಎಲ್ರಿಗೂ ನಮಸ್ಕಾರ. ಆಕ್ಸಿಡೆಂಟ್ ಕೇಸ್‌ನಲ್ಲಿ ಡ್ರೈವರ್ ನಿರ್ಲಕ್ಷ್ಯ ಸಾಬೀತು ಮಾಡೋದು ಹೇಗೆ ಅಂತ ಹಾಸನದಲ್ಲಿ ನಿಂತು ಮಾತಾಡಕ್ಕೆ ಪೀಠಿಕೆ ಬೇಕಿಲ್ಲ, ಚನ್ನರಾಯಪಟ್ಟಣದ ಕಡೆಯಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿವರೆಗೂ ಎನ್‌ಎಚ್ 75 ನಮ್ಮ ಜಿಲ್ಲೆಯೊಳಗೇ ಹೋಗುತ್ತೆ, ಇಲ್ಲಿ ಕೂತಿರೋ ಜೂನಿಯರ್ ವಕೀಲರಿಗೆ ಆಕ್ಸಿಡೆಂಟ್ ಫೈಲ್ ಹೊಸದೇನಲ್ಲ.

ನಾನು ಪ್ರಾಸಿಕ್ಯೂಟರ್, ಅಂದ್ರೆ ಸರ್ಕಾರಿ ವಕೀಲ ಆಗಿದ್ದಾಗ ಸೋತ ಒಂದು ಕೇಸ್ ಹೇಳ್ತೀನಿ. ಸಕಲೇಶಪುರದ ಕಡೆ ಕಾಫಿ ತೋಟದ ಆಳು ಒಬ್ರು ಸಂಜೆ ಕೆಲಸ ಬಿಟ್ಟು ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ರು, ಹಿಂದಿಂದ ಗೂಡ್ಸ್ ಗಾಡಿ ಗುದ್ದಿ ಸ್ಥಳದಲ್ಲೇ ತೀರ್ಕೊಂಡ್ರು. ಪೊಲೀಸರು ಸ್ಥಳ ನೋಡಿ ಬರೆಯೋ ಮಹಜರ್ ಆಗಿದ್ದು ಮಾರನೇ ದಿನ ಬೆಳಿಗ್ಗೆ, ರಾತ್ರಿಯೆಲ್ಲಾ ಮಳೆ ಹೊಡೆದಿತ್ತು, ಬ್ರೇಕ್ ಗುರುತು ಇದ್ದಿದ್ರೂ ತೊಳ್ಕೊಂಡು ಹೋಗಿರತ್ತೆ. ಸ್ಕೆಚ್‌ನಲ್ಲಿ ಎರಡು ಗೆರೆ, ಮಧ್ಯೆ ಒಂದು ಗುಣಾಕಾರ ಚಿಹ್ನೆ, ಅಷ್ಟೇ. ಆ ಜಾಗ ಟಾರ್ ಅಂಚಿಂದ ಎಷ್ಟು ಅಡಿ ಅಂತ ಇಲ್ಲ, ರಸ್ತೆ ಎಷ್ಟು ಅಗಲ ಅಂತ ಇಲ್ಲ, ತಿರುವು ಎಲ್ಲಿ ಅಂತ ಇಲ್ಲ. ಮೂರು ಸಾಕ್ಷಿಗಳ ಹೇಳಿಕೆಯಲ್ಲೂ ಒಂದೇ ಸಾಲು, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು". ಪಾಟಿ ಸವಾಲಿನಲ್ಲಿ ಡಿಫೆನ್ಸ್‌ನವರು, ಅಂದ್ರೆ ಡ್ರೈವರ್ ಪರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ, ಜೋರು ಅಂದ್ರೆ ಎಷ್ಟು ಸ್ಪೀಡು? ಸಾಕ್ಷಿ ಬಾಯೇ ಬಿಡಲಿಲ್ಲ. ನಡ್ಕೊಂಡು ಹೋಗ್ತಿದ್ದೋರು ದಿಢೀರ್ ಅಂತ ಅಡ್ಡ ಬಂದ್ರು ಅಂದ್ರು, ಅಲ್ಲ ಅನ್ನಕ್ಕೆ ನನ್ನ ಕೈಲಿ ಒಂದು ಅಳತೆನೂ ಇರಲಿಲ್ಲ.

ಸುಪ್ರೀಂ ಕೋರ್ಟ್ 1998ರಲ್ಲೇ ನಮ್ಮ ರಾಜ್ಯದ್ದೇ ಕೇಸ್‌ನಲ್ಲಿ, ಸ್ಟೇಟ್ ಆಫ್ ಕರ್ನಾಟಕ ವರ್ಸಸ್ ಸತೀಶ್‌ನಲ್ಲಿ ಹೇಳ್ಬಿಟ್ಟಿದೆ, ಹೈ ಸ್ಪೀಡ್ ಅನ್ನೋ ಮಾತೊಂದ್ರಿಂದಲೇ ನಿರ್ಲಕ್ಷ್ಯ ಸಾಬೀತಾಗಲ್ಲ ಅಂತ. ಅದಕ್ಕೂ ಮುಂಚೆ 1979ರ ಸೈಯದ್ ಅಕ್ಬರ್ ಕೇಸು, ಅದೂ ಕರ್ನಾಟಕದ್ದೇ, ಅಡ್ಡ ಬಂದ ಮಗುನ ಉಳಿಸಕ್ಕೆ ಡ್ರೈವರ್ ಬಸ್ಸನ್ನ ಬಲಕ್ಕೆ ತಿರುಗಿಸಿದ್ದ, ಆದ್ರೂ ಮಗು ಹೋಯ್ತು. ಆಕ್ಸಿಡೆಂಟ್ ಆಗಿದೆ ಅಂದಮೇಲೆ ಡ್ರೈವರ್‌ದೇ ತಪ್ಪು ಅಂತ ಕ್ರಿಮಿನಲ್ ಕೇಸ್‌ನಲ್ಲಿ ಸಾಬೀತು ಮಾಡೋ ಹೊರೆನ ಆರೋಪಿ ತಲೆಗೆ ಹಾಕೋ ಹಾಗಿಲ್ಲ ಅಂದ್ರು, ಬಿಡುಗಡೆ ಆಯ್ತು. ನನಗೆ ಇದು ಸರಿ ಅಂತಲೇ ಅನ್ಸುತ್ತೆ. ತಪ್ಪಿಲ್ಲದ ಡ್ರೈವರ್ ಜೈಲಿಗೆ ಹೋಗಬಾರದು, ತಪ್ಪು ಮಾಡಿದೋನು ನಮ್ಮ ಸೋಮಾರಿತನದಿಂದ ತಪ್ಪಿಸ್ಕೋಬಾರದು.

ಹಾಗಾದ್ರೆ ಏನು ಬೇಕು? ಗಾಡಿ ತನ್ನ ಎಡಗಡೆ ಬಿಟ್ಟು ಎಲ್ಲಿಗೆ ಬಂದಿತ್ತು, ಗಾಜಿನ ಚೂರು ಎಲ್ಲಿ ಬಿದ್ದಿತ್ತು, ಟೈರ್ ಗುರುತು ಎಷ್ಟು ಉದ್ದ, ಬಾಡಿ ಎಷ್ಟು ದೂರ ಎಸೆದು ಬಿದ್ದಿತ್ತು, ಬಂಪರ್‌ನ ಎಡ ಮೂಲೆ ಜಜ್ಜಿತ್ತಾ ಬಲ ಮೂಲೆನಾ. ಬ್ರೇಕ್ ಫೇಲ್ ಅಂತ ಡಿಫೆನ್ಸ್‌ನವರು ಹೇಳ್ತಾರೆ, ಅದಕ್ಕೆ ಮೋಟಾರು ವಾಹನ ನಿರೀಕ್ಷಕರ ರಿಪೋರ್ಟ್ ಇರ್ಬೇಕು. ಡ್ರೈವರ್ ಯಾರು ಅಂತ ಓನರ್‌ಗೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 133ರ ನೋಟಿಸ್ ಕೊಟ್ಟು ಬರೆಸ್ಕೊಳ್ಳಿ, ಎಷ್ಟೋ ಕೇಸ್ ಇಲ್ಲೇ ಬೀಳುತ್ತೆ. ಪೆಟ್ರೋಲ್ ಬಂಕ್ ಸಿಸಿಟಿವಿ ಇದ್ರೆ ತಡ ಮಾಡ್ಬೇಡಿ, ಹಳೇದು ಅಳಿಸಿ ಹೋಗುತ್ತೆ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟ್ ಸಮೇತ ತಗೊಳ್ಳಿ.

ನಿರ್ಲಕ್ಷ್ಯದಿಂದ ಸಾವಾದ್ರೆ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 304ಎ ಇದ್ದಾಗ ಹೆಚ್ಚಂದ್ರೆ 2 ವರ್ಷ ಜೈಲು, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106(1)ರಲ್ಲಿ 5 ವರ್ಷದವರೆಗೂ ಇದೆ. ಶಿಕ್ಷೆ ಜಾಸ್ತಿ ಆಯ್ತು ಅಂತ ಪುರಾವೆ ತಾನಾಗೇ ಬರಲ್ಲ.

ತೀರ್ಪಿನ ದಿನ ಆ ಆಳಿನ ಹೆಂಡತಿ ವರಾಂಡದಲ್ಲಿ ನನ್ನ ತಡೆದು, "ಗಾಡಿ ಅದೇ, ಡ್ರೈವರ್ ಅವನೇ, ನಮ್ಮನೆಯವ್ರು ಹೋಗಿದ್ದು ಸುಳ್ಳಾ ಸ್ವಾಮಿ?" ಅಂದ್ರು. ಪರಿಹಾರದ ಕೇಸ್ ಬೇರೆ ತಾಯಿ, ಅಲ್ಲಿ ಇಷ್ಟು ಬಿಗಿಯಾಗಿ ಸಾಬೀತು ಮಾಡ್ಬೇಕಿಲ್ಲ, ಅದನ್ನ ಬಿಡ್ಬೇಡಿ ಅಂದೆ. "ದುಡ್ಡಿನ ಮಾತಲ್ಲ, ಅವಂದು ತಪ್ಪು ಅಂತ ಯಾರೂ ಬರೀಲಿಲ್ವಲ್ಲ" ಅಂದ್ರು.

ಆ ಸ್ಕೆಚ್‌ನ ಝೆರಾಕ್ಸ್ ತಂದಿದೀನಿ, ಹೆಸರೆಲ್ಲಾ ಅಳಿಸಿದೀನಿ. ಮುಂದಿನ ಸಾಲಿಂದ ಹಿಂದಕ್ಕೆ ಕೊಡ್ತಾ ಬನ್ನಿ, ಏನೇನು ಅಳತೆ ಇಲ್ಲ ಅಂತ ಒಬ್ಬೊಬ್ರೂ ಬರೀರಿ, ಆಮೇಲೆ ಪ್ರಶ್ನೆ ತಗೋತೀನಿ.