ಕಡಲಾಮೆಗೆ ಬೇಕಾದ ಮರಳು

ಕೇಳುಗರಿಗೆ ನಮಸ್ಕಾರ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾರವಾರ, ಹೊನ್ನಾವರ, ಕುಂದಾಪುರದ ಕಡಲತೀರಗಳಲ್ಲಿ ಬೆಳಗಿನ ಜಾವ ನಡೆಯುವವರಿಗೆ ಒಮ್ಮೊಮ್ಮೆ ಮರಳಿನ ಮೇಲೆ ಪುಟ್ಟ ಟ್ರ್ಯಾಕ್ಟರ್ ಹಾದುಹೋದಂಥ ಗುರುತು ಕಾಣುತ್ತದೆ. ಅದು ಆಲಿವ್ ರಿಡ್ಲೆ ಕಡಲಾಮೆಯ ಜಾಡು. ರಾತ್ರಿ ದಡ ಹತ್ತಿದ ಹೆಣ್ಣಾಮೆ ಹಿಂಗಾಲುಗಳಿಂದಲೇ ಸುಮಾರು ಒಂದೂವರೆ ಅಡಿ ಆಳದ, ಹೂಜಿಯ ಆಕಾರದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಮೈಯನ್ನು ಅತ್ತಿತ್ತ ಓಲಾಡಿಸುತ್ತ ಎದೆಯ ಚಿಪ್ಪಿನಿಂದ ಬಡಿದು ಗಟ್ಟಿಮಾಡಿ ನೀರಿಗಿಳಿಯುತ್ತದೆ. ಆಮೇಲಿನ 45ರಿಂದ 60 ದಿನ ಆ ಮೊಟ್ಟೆಗಳಿಗೆ ಕಾವು ಕೊಡುವುದು ಮರಳೇ. ಹುಟ್ಟುವ ಮರಿ ಹೆಣ್ಣೋ ಗಂಡೋ ಎಂಬುದು ಕೂಡ ಮರಳಿನ ಬಿಸಿಯಿಂದಲೇ ನಿರ್ಧಾರವಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಹೆಣ್ಣುಮರಿಗಳೇ ಹೆಚ್ಚು.

ಒಡಿಶಾದ ಗಹಿರ್‌ಮಠಾ, ಋಷಿಕುಲ್ಯಾ ತೀರಗಳಿಗೆ ಈ ಆಮೆಗಳು ಲಕ್ಷಗಟ್ಟಲೆ ಒಟ್ಟಾಗಿ ಬರುತ್ತವೆ. ನಮ್ಮಲ್ಲಿಗೆ ಬರುವುದು ಒಂಟೊಂಟಿಯಾಗಿ. ಆದ್ದರಿಂದ ಇಲ್ಲಿ ಹಾಳಾದ ಒಂದು ಗೂಡು ಸಣ್ಣ ನಷ್ಟವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಯಲ್ಲೇ ಈ ಆಮೆಯ ಹೆಸರೂ ಇದೆ. ಆದರೆ ಆಮೆಯನ್ನು ಕೊಲ್ಲಬಾರದು, ಮೊಟ್ಟೆ ಕದಿಯಬಾರದು ಎಂದಷ್ಟೇ ಹೇಳಿದರೆ ಸಾಲದು ಎಂಬುದು ನನ್ನ ಅನಿಸಿಕೆ. ಕಡಲ್ಕೊರೆತ ತಡೆಯಲೆಂದು ಬಂಡೆಗಳನ್ನು ಪೇರಿಸಿದಲ್ಲಿ ಮೊಟ್ಟೆಯಿಡಲು ಮೇಲೇರಿದ ಆಮೆ ಗೋಡೆಗೆ ಡಿಕ್ಕಿ ಹೊಡೆದು ಹಿಂದಿರುಗುತ್ತದೆ, ಇಲ್ಲವೇ ಗೋಡೆಯ ಬುಡದಲ್ಲೇ ಮೊಟ್ಟೆಯಿಡುತ್ತದೆ. ಅಂಥ ಗೂಡನ್ನು ಭರತದ ನೀರು ನುಂಗುತ್ತದೆ. ತಾನು ಹುಟ್ಟಿದ ತೀರದ ಆಸುಪಾಸಿಗೇ ಮೊಟ್ಟೆಯಿಡಲು ಮರಳುವ ಜೀವಿಗೆ ಬೇರೆ ದಡ ಹುಡುಕಿಕೊಳ್ಳುವುದು ಸುಲಭವಲ್ಲ. ಕಣ್ಣೆದುರೇ ಮನೆ, ತೆಂಗಿನ ತೋಟ ಕಡಲಪಾಲಾಗುವವರ ಸಂಕಟವನ್ನು ನಾನು ಮರೆತು ಮಾತನಾಡುತ್ತಿಲ್ಲ. ಆದರೆ ಮನೆಯೇ ಇಲ್ಲದ ಕಡೆಗೂ ಕಲ್ಲು ಸುರಿಯುವ ಮುನ್ನ ಅಲ್ಲಿ ಆಮೆ ಗೂಡುಕಟ್ಟುತ್ತದೆಯೇ ಎಂದು ಊರಿನ ಮೀನುಗಾರರನ್ನಾದರೂ ಕೇಳಬೇಕು.

ನೀರಿನಲ್ಲಿಯೂ ಅಪಾಯವಿದೆ. ಆಮೆ ಉಸಿರಾಡಲು ಆಗಾಗ ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಬಹಳ ಹೊತ್ತು ಸಿಕ್ಕಿಕೊಂಡರೆ ಅದು ಮುಳುಗಿ ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಆಮೆ ದಡಕ್ಕೆ ಬರುವುದು ಚಳಿಗಾಲದಲ್ಲಿ. ಹೀಗಾಗಿ ಆಮೆ ಹೊರಬೀಳಲು ದಾರಿಯಿರುವ ಬಲೆಗಳ ಬಳಕೆ ಇಲ್ಲಿ ತುಂಬ ಮುಖ್ಯ. ಸಿಕ್ಕಿಬಿದ್ದ ಆಮೆಗೆ ಕೈಮುಗಿದು, ಬಲೆ ಬಿಡಿಸಿ ಕಡಲಿಗೆ ಬಿಡುವ ಮೀನುಗಾರರು ನಮ್ಮಲ್ಲಿದ್ದಾರೆ. ಈ ಬಲೆಗಳ ವೆಚ್ಚವನ್ನು ಅವರೊಬ್ಬರ ಮೇಲೆಯೇ ಹೊರಿಸಬಾರದು.

ಮರಿಗಳು ಸಾಮಾನ್ಯವಾಗಿ ರಾತ್ರಿಯಲ್ಲಿ ಗೂಡಿನಿಂದ ಮೇಲೆದ್ದು, ಹೆಚ್ಚು ಬೆಳಕಿರುವ ದಿಕ್ಕಿಗೆ ಹರಿದು ಹೋಗುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ಹೋಟೆಲಿನ ದೀಪ ಉರಿಯುವಲ್ಲಿ ಅವು ರಸ್ತೆಯ ಕಡೆ ತಿರುಗುತ್ತವೆ. ತೀರದ ಬಳಿ ಮನೆ, ಅಂಗಡಿ, ರೆಸಾರ್ಟ್ ಇರುವವರು ಈ ತಿಂಗಳುಗಳಲ್ಲಿ ಕಡಲಿಗೆ ಮುಖಮಾಡಿದ ದೀಪಗಳನ್ನು ರಾತ್ರಿ ಆರಿಸಿ. ಜಾಡು ಕಂಡರೆ ಅದನ್ನು ತುಳಿಯದೆ, ಗೂಡನ್ನು ಕೆದಕದೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಬೆಳಗಾಗುವ ಮೊದಲೇ ತಿಳಿಸಿ. ತಡವಾದರೆ ನಾಯಿಗಳು ಆ ಗೂಡನ್ನು ಬಗೆದಿರುತ್ತವೆ.